ಕೊಯಮತ್ತೂರು, ತಿರುಪ್ಪೂರಿನಲ್ಲಿ ಮನೆ ಮಾಡುವ ಮುನ್ನ ಗಾಳಿಯ ಲೆಕ್ಕ

ಸುಂಟರಗಾಳಿಗೆ ಹೆದರಿ ಕೊಯಮತ್ತೂರು ಅಥವಾ ತಿರುಪ್ಪೂರು ಜಿಲ್ಲೆಯನ್ನು ಬಿಡಬೇಕಾದ ಕಾರಣವಿಲ್ಲ. ಭಾರತ ಉಪಖಂಡದಲ್ಲಿ ಅದರ ಮುಖ್ಯ ನೆಲೆ ಗಂಗೆಯ ಬಯಲು ಮತ್ತು ಬಂಗಾಳ. 1978ರ ಮಾರ್ಚ್ 17ರಂದು ದೆಹಲಿಯಲ್ಲಿ, 2024ರ ಮಾರ್ಚ್ 31ರಂದು ಜಲಪೈಗುರಿಯ ಮೈನಾಗುರಿಯಲ್ಲಿ ಅದು ಎದ್ದಿತು. ಬಾಂಗ್ಲಾದೇಶದ ಮಾಣಿಕ್‌ಗಂಜ್‌ನಲ್ಲಿ 1989ರ ಏಪ್ರಿಲ್ 26ರಂದು ಸುಮಾರು 1,300 ಜನ ಸತ್ತರು. ಮೂರೂ ಮುಂಗಾರಿಗೆ ಮೊದಲಿನ ತಿಂಗಳುಗಳಲ್ಲೇ ನಡೆದವು.

ಪ್ರಬಲ ಸುಂಟರಗಾಳಿ ಹುಟ್ಟಲು ಎರಡು ಕೂಡಿಬರಬೇಕು: ಆಕಾಶದೆತ್ತರ ಬೆಳೆಯುವ ಗುಡುಗುಮೋಡ, ಮತ್ತು ಮೇಲೇರಿದಂತೆ ದಿಕ್ಕು, ವೇಗ ಬದಲಿಸುವ ಗಾಳಿ. ಈ ಎರಡು ಜಿಲ್ಲೆಗಳಿರುವ ಕೊಂಗುನಾಡಿನಲ್ಲಿ ಇವು ಒಟ್ಟಿಗೆ ಸೇರುವುದು ಅಪರೂಪ. ಏಪ್ರಿಲ್-ಮೇ ತಿಂಗಳಲ್ಲಿ ಮೋಡ ಬೆಳೆಯುತ್ತದೆ, ಆದರೆ ಮೇಲಿನ ಗಾಳಿ ದುರ್ಬಲ. ಮುಂಗಾರಿನಲ್ಲಿ ಕೆಳಗೆ ಪಶ್ಚಿಮದಿಂದ, ಬಹಳ ಮೇಲೆ ಪೂರ್ವದಿಂದ ಗಾಳಿ ರಭಸವಾಗಿ ಬೀಸುತ್ತದೆ, ಆದರೆ ಆಗ ಈ ಸೀಮೆ ಪಶ್ಚಿಮ ಘಟ್ಟದ ಮಳೆನೆರಳಿನಲ್ಲಿರುತ್ತದೆ. ಬೇಸಿಗೆಯಲ್ಲಿ ಹೊಲದ ದೂಳು, ಒಣ ಎಲೆಗಳನ್ನು ಎತ್ತಿ ತಿರುಗುವ ಸುಳಿಗಾಳಿ ಬೇರೆಯೇ. ಅದು ಕಾದ ನೆಲದಿಂದ ಏಳುತ್ತದೆ, ಮೋಡದಿಂದ ಇಳಿಯುವುದಿಲ್ಲ.

ಇಲ್ಲಿ ನಿಜವಾಗಿ ಎಣಿಸಬೇಕಾದ ಗಾಳಿಗಳು ಬೇರೆ. ನೀಲಗಿರಿಗೂ ಆನೆಮಲೆಗೂ ನಡುವೆ ಸುಮಾರು 30 ಕಿ.ಮೀ. ಅಗಲದ ಪಾಲಕ್ಕಾಡು ಕಂಡಿಯಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬೀ ಸಮುದ್ರದ ಗಾಳಿ ಇದರೊಳಗೆ ನುಗ್ಗಿ ಬರುತ್ತದೆ. ಪಲ್ಲಡಂ, ಉಡುಮಲೈ ಕಡೆಯ ಗಾಳಿಯಂತ್ರಗಳು ತಿರುಗುವುದು ಇದರ ಬಲದಿಂದಲೇ. ಆಡಿ ತಿಂಗಳ (ಜುಲೈ-ಆಗಸ್ಟ್) ಗಾಳಿಗೆ ಅರೆಯುವ ಕಲ್ಲೂ ಹಾರುತ್ತದೆ ಎಂದು ತಮಿಳು ಗಾದೆ. ಬರುವ ಕಾಲವೂ ದಿಕ್ಕೂ ಮೊದಲೇ ಗೊತ್ತಿರುವ ಗಾಳಿಯಾದ್ದರಿಂದ ಪಡುವಣ ಕಿಟಕಿ, ಬಾಗಿಲು, ತಾರಸಿಯ ನೀರಿನ ಟ್ಯಾಂಕ್ ಭದ್ರವಾಗಿದ್ದರೆ ಅಪಾಯ ಕಡಿಮೆ. ಮನೆ ನೋಡಲು ಜುಲೈ ತಿಂಗಳ ಮಧ್ಯಾಹ್ನ ಹೋಗುವುದು ಒಳ್ಳೆಯದು.

ಹೆಚ್ಚು ಹಾನಿ ಮಾಡುವುದು ಬೇಸಿಗೆ ಮಳೆಯ ಬಿರುಗಾಳಿ. ಮಳೆಯಿಂದ ತಣಿದು ಭಾರವಾದ ಗಾಳಿ ಮೋಡದ ಬುಡದಿಂದ ದಬ್ಬನೆ ನೆಲಕ್ಕಿಳಿದು ಸುತ್ತಲೂ ಚಿಮ್ಮುತ್ತದೆ. ಕೆಲವೇ ನಿಮಿಷಗಳಲ್ಲಿ ಗೊನೆ ಬಿಟ್ಟ ಬಾಳೆತೋಟ ಮಲಗುತ್ತದೆ, ಶೀಟ್ ಹಾರುತ್ತದೆ. ಯಾವ ದಿಕ್ಕಿನಿಂದ ಬರುತ್ತದೆಂದು ಮೊದಲೇ ಹೇಳುವಂತಿಲ್ಲ.

ಕಟ್ಟಡಗಳ ಮೇಲಿನ ಗಾಳಿಯ ಭಾರಕ್ಕೆ ಭಾರತೀಯ ಮಾನಕ 875ರ ಮೂರನೆಯ ಭಾಗ ಊರೂರಿಗೆ ಒಂದು ಮೂಲವೇಗ ಕೊಡುತ್ತದೆ. ಬೆಂಗಳೂರು, ಮೈಸೂರಿಗೆ ಅದು ಸೆಕೆಂಡಿಗೆ 33 ಮೀಟರ್, ಕೊಯಮತ್ತೂರಿಗೆ 39, ಚೆನ್ನೈಗೆ 50. ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ 33ಕ್ಕೂ 39ಕ್ಕೂ ಇರುವ ಅಂತರ ಸಣ್ಣದಲ್ಲ: ಮೈಸೂರಿನಲ್ಲಿ ಚದರ ಮೀಟರಿಗೆ ಸುಮಾರು 67 ಕಿಲೋ ಭಾರವೆಂದರೆ ಕೊಯಮತ್ತೂರಿನಲ್ಲಿ 93. ಈ ವೇಗ ಐವತ್ತು ವರ್ಷಕ್ಕೊಮ್ಮೆ ಬರುವಂಥದು ಎಂದ ಮಾತ್ರಕ್ಕೆ ಐವತ್ತು ವರ್ಷ ನಿಶ್ಚಿಂತೆ ಎಂದರ್ಥವಲ್ಲ. ವರ್ಷಕ್ಕೆ ಶೇ. 2ರ ಸಂಭವವು ಮೂವತ್ತು ವರ್ಷ ವಾಸಿಸುವವರಿಗೆ ಶೇ. 45ರಷ್ಟಾಗುತ್ತದೆ.

ಈ ಭಾರ ಮೊದಲು ಪರೀಕ್ಷಿಸುವುದು ಶೀಟ್ ಮಾಡನ್ನು. ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳಿಗೆ ಕೆಲಸಕ್ಕೆ ಬರುವವರಿಗೆ ತಾರಸಿ ಮೇಲಿನ ಶೀಟ್ ಕೋಣೆ ಅಗ್ಗಕ್ಕೆ ಸಿಗುವುದುಂಟು. ಗಾಳಿ ಶೀಟನ್ನು ಕೆಳಕ್ಕೆ ಒತ್ತುವುದಕ್ಕಿಂತ ಹೆಚ್ಚಾಗಿ ಮೇಲಕ್ಕೆ ಹೀರುತ್ತದೆ. ಅಂಚು, ಮೂಲೆಗಳಲ್ಲಿ ಆ ಸೆಳೆತ ಇನ್ನೂ ಜೋರು. ಆದ್ದರಿಂದ ನೋಡಬೇಕಾದ್ದು ಶೀಟಿನ ಹೊಳಪನ್ನಲ್ಲ, ಅಂಚಿನ ಬೋಲ್ಟುಗಳನ್ನು: ತುಕ್ಕು ಹಿಡಿದಿವೆಯೇ, ವಾಷರ್ ಇದೆಯೇ, ಕೆಳಗಿನ ಕಬ್ಬಿಣದ ಪಟ್ಟಿಯನ್ನು ಕಚ್ಚಿವೆಯೇ. ಶೀಟಿನ ಮೇಲೆ ಕಲ್ಲು ಹೇರಿದ್ದರೆ ಬಿಗಿತ ಸಾಲದೆಂದೇ ತಿಳಿಯಬೇಕು. ಶೀಟ್ ಎದ್ದರೆ ಆ ಕಲ್ಲೇ ಉರುಳಿ ಜನರ ಮೇಲೆ ಬೀಳಬಹುದು.

ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಬಂಗಾಳ ಕೊಲ್ಲಿಯ ಚಂಡಮಾರುತಗಳು ಒಳನಾಡಿಗೆ ಬರುವಷ್ಟರಲ್ಲಿ ಬಲಗುಂದಿರುತ್ತವೆ. ಗಾಳಿಗಿಂತ ಮಳೆಯ ಚಿಂತೆ ಹೆಚ್ಚು. 2019ರ ಡಿಸೆಂಬರ್ 2ರ ನಸುಕಿನಲ್ಲಿ ಮೆಟ್ಟುಪಾಳ್ಯದ ಬಳಿಯ ನಡೂರಿನಲ್ಲಿ ಭಾರೀ ಮಳೆಗೆ ನೆನೆದ ಎತ್ತರದ ಕಾಂಪೌಂಡ್ ಗೋಡೆ ಪಕ್ಕದ ಮನೆಗಳ ಮೇಲೆ ಕುಸಿದು 17 ಮಂದಿ ಸತ್ತರು. ನೊಯ್ಯಲ್ ನದಿಯ ದಂಡೆಯ ತಗ್ಗು ಜಾಗ, ಕೆರೆ ತುಂಬಿದಾಗ ನೀರು ಹರಿಯುವ ದಾರಿ, ಪಕ್ಕದವರ ಗೋಡೆಯ ಬಿರುಕು ಮತ್ತು ವಾಲು ಇವನ್ನು ಮುಂಗಡ ಕೊಡುವ ಮೊದಲೇ ನೋಡಿಕೊಳ್ಳಬೇಕು. ಗೋಡೆಯ ಆಚೆ ಮಣ್ಣು ತುಂಬಿದ್ದರೆ, ನೀರು ಬಸಿದುಹೋಗಲು ಅದರಲ್ಲಿ ತೂತುಗಳಿವೆಯೇ ಎಂಬುದನ್ನೂ.