ಕೆಂಪು ದೀಪ ಮಾತ್ರ ಏಕೆ ಉರಿಯಿತು?

ಕಳೆದ ರಜೆಯಲ್ಲಿ ನಾನು ಪ್ಲಾಸ್ಟಿಕ್ ಕಿಟ್‌ನಿಂದ 1:72 ಅಳತೆಯ ವಿಮಾನವೊಂದನ್ನು ಜೋಡಿಸಿದೆ. ಅಂದರೆ ನಿಜವಾದ ವಿಮಾನದ 72 ಸೆಂ.ಮೀ. ಈ ಮಾದರಿಯಲ್ಲಿ 1 ಸೆಂ.ಮೀ. ವಿಮಾನದ ಎಡ ರೆಕ್ಕೆಯ ತುದಿಯಲ್ಲಿ ಕೆಂಪು, ಬಲ ರೆಕ್ಕೆಯ ತುದಿಯಲ್ಲಿ ಹಸಿರು, ಬಾಲದಲ್ಲಿ ಬಿಳಿ ದೀಪವಿರುತ್ತದೆ. ಅವೂ ಉರಿಯಲಿ ಎಂಬ ಆಸೆಯಿಂದ ಮೂರು ಪುಟ್ಟ ಎಲ್‌ಇಡಿಗಳನ್ನು ತಂದೆ. ಮೂರನ್ನೂ ಸಮಾಂತರವಾಗಿ ಸೇರಿಸಿ, ಎಲ್ಲಕ್ಕೂ ಒಂದೇ ರೆಸಿಸ್ಟರ್ ಹಾಕಿ, ರೆಕ್ಕೆಗಳನ್ನು ಅಂಟಿಸಿದ ಮೇಲೆ 9 ವೋಲ್ಟ್ ಬ್ಯಾಟರಿಗೆ ಜೋಡಿಸಿದೆ. ಕೆಂಪು ಮಾತ್ರ ಉರಿಯಿತು. ತಂತಿ ತುಂಡಾಗಿರಬೇಕೆಂದು ಬಿಡಿಸಲು ಹೋದಾಗ ರೆಕ್ಕೆ ಸೀಳಿತು. ಒಳಗೆ ತಂತಿಗಳೆಲ್ಲ ಸರಿಯಾಗಿಯೇ ಇದ್ದವು!

ತಪ್ಪಿದ್ದದ್ದು ನನ್ನ ಜೋಡಣೆಯಲ್ಲಿ. ಸಮಾಂತರ ಜೋಡಣೆಯಲ್ಲಿ ಎಲ್ಲ ಕವಲುಗಳ ವೋಲ್ಟೇಜ್ ಒಂದೇ ಎಂದು ತರಗತಿಯಲ್ಲಿ ಕಲಿತಿದ್ದೇವೆ. ಕೆಂಪು ಎಲ್‌ಇಡಿ ಸುಮಾರು 2 ವೋಲ್ಟ್‌ಗೇ ಉರಿಯುತ್ತದೆ. ನನ್ನ ಹಸಿರು, ಬಿಳಿ ಎಲ್‌ಇಡಿಗಳಿಗೆ ಸುಮಾರು 3 ವೋಲ್ಟ್ ಬೇಕು. ಕೆಂಪು ಉರಿಯತೊಡಗಿದಾಗ ಮೂರು ಕವಲುಗಳಲ್ಲೂ ವೋಲ್ಟೇಜ್ 2ರ ಆಸುಪಾಸಿನಲ್ಲೇ ನಿಂತಿತು. ಉಳಿದೆರಡಕ್ಕೆ ಅದು ಸಾಲಲಿಲ್ಲ.

ಆದ್ದರಿಂದ ಪ್ರತಿ ಎಲ್‌ಇಡಿಗೂ ಅದರದೇ ರೆಸಿಸ್ಟರ್ ಬೇಕು. ಲೆಕ್ಕ ಓಮ್‌ನ ನಿಯಮದ್ದೇ. ಬ್ಯಾಟರಿಯ ವೋಲ್ಟೇಜಿನಿಂದ ಎಲ್‌ಇಡಿಯ ವೋಲ್ಟೇಜ್ ಕಳೆದು, ವಿದ್ಯುತ್ ಪ್ರವಾಹದಿಂದ ಭಾಗಿಸಬೇಕು. ಮಾದರಿಗೆ 10 ಮಿಲಿಆಂಪಿಯರ್ ಪ್ರವಾಹ ಧಾರಾಳವಾಯಿತು. ಬಿಳಿ, ಹಸಿರಿಗೆ (9–3)÷0.01 = 600 ಓಮ್. ಕೆಂಪಿಗೆ (9–2)÷0.01 = 700 ಓಮ್. ಅಂಗಡಿಯಲ್ಲಿ ಇದೇ ಬೆಲೆಯವು ಸಿಗದಿದ್ದರೆ ಅದಕ್ಕಿಂತ ಹೆಚ್ಚಿನದನ್ನು ಕೊಳ್ಳಬೇಕು. ನಾನು 680 ಮತ್ತು 820 ಓಮ್ ತಂದೆ.

ಮಾಡುವವರು ಇಷ್ಟು ನೆನಪಿಡಿ:

• ಎಲ್‌ಇಡಿಗೆ ಧನ, ಋಣ ತುದಿಗಳಿವೆ. ತಿರುಗಿಸಿ ಹಾಕಿದರೆ ಉರಿಯದು. ಕಾಲುಗಳಿರುವ ಎಲ್‌ಇಡಿಯಲ್ಲಿ ಉದ್ದ ಕಾಲು ಧನ.

• ಬೆಸುಗೆಯನ್ನು ಮಾದರಿಯಿಂದ ದೂರವಿಟ್ಟು ಹಾಕಿ. ಬಿಸಿಗೆ ಪ್ಲಾಸ್ಟಿಕ್ ಕರಗುತ್ತದೆ. ಬೆಸೆದ ಜಾಗಗಳು ಒಂದಕ್ಕೊಂದು ತಾಗದಂತೆ ಟೇಪ್ ಸುತ್ತಿ.

• ತೆಳು ಪ್ಲಾಸ್ಟಿಕ್‌ನಿಂದ ಬೆಳಕು ಹೊರಗೆ ಸೋರುತ್ತದೆ. ಒಳಗೋಡೆಗೆ ಕಪ್ಪು ಬಣ್ಣ ಬಳಿಯಿರಿ.

• ರೆಸಿಸ್ಟರ್‌ಗಳನ್ನು ವಿಮಾನದೊಳಗಲ್ಲ, ಕೆಳಗಿನ ಪೀಠದಲ್ಲಿಡಿ. ಆಗ ಬದಲಿಸುವುದು ಸುಲಭ.

• ಮೂರೂ ದೀಪಗಳನ್ನು ಒಟ್ಟಿಗೆ ಉರಿಸಿ ನೋಡಿದ ಮೇಲಷ್ಟೇ ಅಂಟು ಹಾಕಿ.

ಕೊನೆಯ ಮಾತನ್ನು ನಾನು ಮೊದಲೇ ಪಾಲಿಸಿದ್ದರೆ ರೆಕ್ಕೆ ಉಳಿಯುತ್ತಿತ್ತು. ಈಗ ಮೂರೂ ದೀಪ ಉರಿಯುತ್ತಿವೆ, ಅಂಟಿಸಿದ ಗುರುತು ಮಾತ್ರ ಹಾಗೇ ಇದೆ. ಭೌತಶಾಸ್ತ್ರದ ಪ್ರಯೋಗಾಲಯಕ್ಕೆ ತಂದಾಗ ನೀವೂ ನೋಡಬಹುದು.