ಅಂಗೈಯಗಲದ ಸ್ಪೀಕರಿಗೆ ಬೇಸ್ ಯಾಕೆ ಕಷ್ಟ?

ಗಣೇಶನನ್ನು ಬಿಡಲು ಹಲಸೂರು ಕೆರೆಗೆ ಹೋಗುವ ಮೆರವಣಿಗೆಯಲ್ಲಿ ದೊಡ್ಡ ಸ್ಪೀಕರುಗಳ ಬೇಸ್ ಎದೆಗೇ ಬಡಿಯುತ್ತದೆ. ಅದೇ ಹಾಡು ನನ್ನ ಬ್ಲೂಟೂತ್ ಸ್ಪೀಕರಿನಲ್ಲಿ ಯಾಕೆ ಪೇಲವ? – ಓದುಗರೊಬ್ಬರು, ಹಲಸೂರು

ಬೇಸ್ ಎಂದರೆ ನಿಧಾನದ ಕಂಪನ. ಅದು ಜೋರಾಗಿ ಕೇಳಿಸಬೇಕಾದರೆ ಸ್ಪೀಕರಿನ ಕೋನ್ ರಾಶಿ ಗಾಳಿಯನ್ನು ತಳ್ಳಬೇಕು. ಸೆಕೆಂಡಿಗೆ 100 ಕಂಪನದ ಸ್ವರ 50ಕ್ಕೆ ಇಳಿದರೆ, ಅಷ್ಟೇ ಜೋರಿಗೆ ಕೋನ್ ನಾಲ್ಕು ಪಟ್ಟು ಹೆಚ್ಚು ಹಿಂದೆ ಮುಂದೆ ಆಡಬೇಕು. ಮೆರವಣಿಗೆಯ 12 ಇಂಚಿನ ಕೋನಿನ ವಿಸ್ತೀರ್ಣ ನಿಮ್ಮ 2 ಇಂಚಿನದರ 36 ಪಟ್ಟು. ಅದು ಸ್ವಲ್ಪ ಅಲುಗಿದರೂ ಸಾಕು.

ಇನ್ನೊಂದು ತೊಡಕು ಡಬ್ಬದೊಳಗಿನ ಗಾಳಿಯದು. ಸೈಕಲ್ ಪಂಪಿನ ಬಾಯಿಗೆ ಬೆರಳಿಟ್ಟು ಒತ್ತಿ ನೋಡಿ: ಒಳಗೆ ಜಾಗ ಕಡಿಮೆಯಾದಷ್ಟೂ ಹಿಡಿ ನಿಮ್ಮ ಕೈಯನ್ನು ಹಿಂದಕ್ಕೆ ತಳ್ಳುತ್ತದೆ. ಪುಟ್ಟ ಡಬ್ಬದ ಗಾಳಿಯೂ ಕೋನನ್ನು ಹಾಗೆಯೇ ತಡೆಯುತ್ತದೆ. ಕೋನನ್ನು ಭಾರ ಮಾಡಿದರೆ ಬೇಸ್ ಕೆಳಗಿಳಿಯುತ್ತದೆ, ಆದರೆ ಅಷ್ಟೇ ಕರೆಂಟಿಗೆ ಸದ್ದು ಕುಗ್ಗುತ್ತದೆ, ಬ್ಯಾಟರಿ ಬೇಗ ಮುಗಿಯುತ್ತದೆ. ಚಿಕ್ಕ ಡಬ್ಬ, ಆಳದ ಬೇಸ್, ಕಡಿಮೆ ಕರೆಂಟಿಗೆ ಜೋರು ಸದ್ದು: ಮೂರರಲ್ಲಿ ಎರಡೇ ಸಿಗುತ್ತವೆ.

ತಯಾರಕರು ಸುಮ್ಮನೆ ಕೂತಿಲ್ಲ. ಎಷ್ಟೋ ಸ್ಪೀಕರುಗಳ ಎರಡು ತುದಿಗಳಲ್ಲಿ ದುಂಡನೆಯ ರಬ್ಬರ್ ಪೊರೆ ಮಿಡಿಯುವುದನ್ನು ಕಾಣಬಹುದು. ಅದಕ್ಕೆ ತಂತಿಯಿಲ್ಲ; ಒಳಗಿನ ಗಾಳಿಯ ಒತ್ತಡವೇ ಅದನ್ನು ಕುಣಿಸಿ ಬೇಸಿಗೆ ಬಲ ಕೊಡುತ್ತದೆ. ನಿಜಕ್ಕೂ ಚಂದದ ಉಪಾಯ! ಆದರೆ ವಾಲ್ಯೂಮ್ ಪೂರ್ತಿ ಏರಿಸಿದಾಗ, ಕೋನ್ ಹರಿಯದಿರಲೆಂದು ಒಳಗಿನ ಚಿಪ್ ಬೇಸನ್ನೇ ಕತ್ತರಿಸುತ್ತದೆ. ವಾಲ್ಯೂಮ್ ಸ್ವಲ್ಪ ಇಳಿಸಿ, ಸ್ಪೀಕರನ್ನು ಕೋಣೆಯ ಮೂಲೆಗೆ ಸರಿಸಿ. ಗೋಡೆಗಳು ಬೇಸನ್ನು ಚದುರಲು ಬಿಡದೆ ನಿಮ್ಮ ಕಡೆಗೇ ಕಳಿಸುತ್ತವೆ.