ಬಾಸೆಲಿನ ಅರ್ಧ ಕಾಸು, ಬೆಟಗೇರಿಯ ಸಭೆ

ಜನವರಿಯಲ್ಲಿ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆ ಹತ್ತಿರ ಬಂತೆಂದರೆ ಸುತ್ತಲಿನ ಹಳ್ಳಿಗಳಲ್ಲಿ ರೊಟ್ಟಿ ಬಡಿಯುವ ಸದ್ದು ಶುರುವಾಗುತ್ತದೆ. ಯಲಬುರ್ಗಾ, ಕುಷ್ಟಗಿ, ಕನಕಗಿರಿ, ಗಂಗಾವತಿ ಸೀಮೆಯಿಂದ ಮಠದ ಮಹಾದಾಸೋಹಕ್ಕೆ ಬಂದು ಸೇರುವ ಜೋಳದ ರೊಟ್ಟಿಗಳ ಲೆಕ್ಕ ಲಕ್ಷಗಳಲ್ಲಿ ನಡೆಯುತ್ತದೆ. ಒಂದು ಮನೆಯ ಪಾಲು ಒಂದು ಬುಟ್ಟಿಯನ್ನು ಮೀರುವುದಿಲ್ಲ. ತಂದವಳು ತಾನು ದಾನಿ ಎಂದು ಬೀಗುವುದಿಲ್ಲ, ಉಂಡವನು ತಾನು ಭಿಕ್ಷುಕ ಎಂದು ತಲೆ ತಗ್ಗಿಸುವುದಿಲ್ಲ. ಸುಮಾರು 170 ವರ್ಷಗಳ ಹಿಂದೆ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಹುಟ್ಟಿಕೊಂಡ ಒಂದು ಪುಟ್ಟ ವ್ಯವಸ್ಥೆಯನ್ನು ಅರ್ಥ ಮಾಡಿಕೊಳ್ಳಲು ಈ ಸೀಮೆಯವರಿಗೆ ಇದಕ್ಕಿಂತ ಹತ್ತಿರದ ಹೋಲಿಕೆ ಸಿಗಲಾರದು. ಆ ವ್ಯವಸ್ಥೆಯ ಹಣ ಹರಿದು ಬಂದ ಊರುಗಳಲ್ಲಿ ಕೊಪ್ಪಳದಿಂದ ರೈಲಿನಲ್ಲಿ ತಾಸಿನ ದಾರಿಯ ಬೆಟಗೇರಿಯೂ ಒಂದು. ಬೇರೆ ಬೇರೆ ದೇಶಗಳ ಕ್ರೈಸ್ತ ಸಭೆಗಳು ಒಂದಕ್ಕೊಂದು ಜೊತೆಯಾಗಿ ನಡೆಯುವ ಕೆಲಸವನ್ನು ಇಂದು ಸಹಭಾಗಿತ್ವ ಎಂದು ಕರೆಯುತ್ತಾರೆ. ಅದು ಬಾಳುವುದು ಹಣ ಎಷ್ಟು ಬಂತು ಎಂಬುದರ ಮೇಲಲ್ಲ. ಎಷ್ಟು ಕೈಗಳಿಂದ ಬಂತು, ಬಂದಮೇಲೆ ಅದರ ಬಗ್ಗೆ ನಿರ್ಧರಿಸುವವರು ಯಾರು ಎಂಬುದರ ಮೇಲೆ. ಬಾಸೆಲ್ ಮತ್ತು ಉತ್ತರ ಕರ್ನಾಟಕದ ನಂಟಿನ ಇತಿಹಾಸ ಈ ಮಾತಿಗೆ ಗಟ್ಟಿಯಾದ ಸಾಕ್ಷಿ.

1815ರಲ್ಲಿ ಶುರುವಾದ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮತಪ್ರಚಾರ ಸಂಸ್ಥೆ 1850ರ ದಶಕದ ಹೊತ್ತಿಗೆ ಹಣದ ಕೊರತೆಯಲ್ಲಿ ಸಿಕ್ಕಿಕೊಂಡಿತ್ತು. ಪಶ್ಚಿಮ ಆಫ್ರಿಕ, ಚೀನ, ಭಾರತ ಮೂರೂ ಕಡೆ ಕೆಲಸ ಹಬ್ಬಿತ್ತು, ದೊಡ್ಡ ದಾನಿಗಳು ಕೆಲವರೇ ಇದ್ದರು. ಆಗ ಕಾರ್ಲ್ ಸರಾಸಿನ್ ಎಂಬ ರೇಷ್ಮೆ ರಿಬ್ಬನ್ ಉದ್ಯಮಿ ಮುಂದಿಟ್ಟ ಸಲಹೆ ತೀರ ಸರಳವಾದದ್ದು. ಶ್ರೀಮಂತರ ಹತ್ತಿರ ಇನ್ನಷ್ಟು ಕೇಳುವುದು ಬೇಡ. ಬಡವರ ಹತ್ತಿರ ವಾರಕ್ಕೊಮ್ಮೆ ಅರ್ಧ ಬಾಟ್ಸೆನ್ ಕೇಳೋಣ. ಬಾಟ್ಸೆನ್ ಅಲ್ಲಿನ ಹಳೆಯ ನಾಣ್ಯ. ಅದರ ಅರ್ಧವೆಂದರೆ ಹೊಸ ಲೆಕ್ಕದಲ್ಲಿ ಐದು ರಾಪ್ಪೆನ್, ಅಂದರೆ ಒಂದು ಫ್ರಾಂಕಿನ ಇಪ್ಪತ್ತನೆಯ ಒಂದು ಪಾಲು. ಮನೆಗೆಲಸದಾಕೆಯೂ ರಿಬ್ಬನ್ ನೇಯುವವನೂ ಕೊಡಬಹುದಾದಷ್ಟು ಸಣ್ಣ ಕಾಸು. ಹತ್ತು ಜನ ಕೊಡುವವರಿಗೆ ಒಬ್ಬರು ಸಂಗ್ರಹಿಸುವವರು. ಆ ಹತ್ತು ಮನೆಗಳ ಬಾಗಿಲು ಬಡಿಯುವುದು ಅವರ ಕೆಲಸ. ಹೋಗುವಾಗ ಬರಿಗೈಯಲ್ಲಿ ಹೋಗುತ್ತಿರಲಿಲ್ಲ, ದೂರದ ಊರುಗಳ ಸುದ್ದಿ ಅಚ್ಚಾದ ಒಂದು ಹಾಳೆ ಒಯ್ಯುತ್ತಿದ್ದರು. ಕಾಸು ಈ ಕೈಯಿಂದ, ಸುದ್ದಿ ಆ ಕೈಯಿಂದ. ಈ ವ್ಯವಸ್ಥೆ ಬೇಗನೆ ದಕ್ಷಿಣ ಜರ್ಮನಿಯ ಹಳ್ಳಿಗಳಿಗೂ ಹಬ್ಬಿ ಮಿಷನ್ನಿನ ಆದಾಯದ ದೊಡ್ಡ ಆಧಾರಗಳಲ್ಲಿ ಒಂದಾಯಿತು.

ಇದರ ದೊಡ್ಡಸ್ತಿಕೆಯನ್ನು ಬರೀ ಹಣದ ಲೆಕ್ಕದಲ್ಲಿ ಅಳೆದರೆ ಮುಖ್ಯವಾದದ್ದು ತಪ್ಪಿಹೋಗುತ್ತದೆ. ಒಬ್ಬ ವ್ಯಾಪಾರಿ ಸಾವಿರ ಫ್ರಾಂಕು ಕೊಟ್ಟರೆ ಮಿಷನ್ನಿಗೆ ಸಿಗುವುದು ಸಾವಿರ ಫ್ರಾಂಕು ಮತ್ತು ಒಬ್ಬ ಯಜಮಾನ. ಅಷ್ಟೇ ಹಣ ವಾರ ವಾರ ಐದೈದು ರಾಪ್ಪೆನ್ನಿನಂತೆ ಬಂದರೆ ಸಿಗುವುದು ನೂರಾರು ಮನೆಗಳ ಕಿವಿ. ತನ್ನ ಜನ್ಮದಲ್ಲಿ ಸಮುದ್ರ ನೋಡದ ಹೆಂಗಸು ಧಾರವಾಡ, ಮಂಗಳೂರು ಎಂಬ ಊರುಗಳ ಹೆಸರನ್ನು ನಾಲಿಗೆಗೆ ರೂಢಿ ಮಾಡಿಕೊಂಡಳು, ಅಲ್ಲಿ ಬರ ಬಿದ್ದರೆ ಇಲ್ಲಿ ಮರುಗಿದಳು. ಒಂದು ಸಭೆ ಇನ್ನೊಂದು ಸಭೆಯನ್ನು ತನ್ನದೆಂದು ಕಾಣುವುದು ಹೀಗೆ, ವಾರಗಟ್ಟಲೆ, ವರ್ಷಗಟ್ಟಲೆ ಒಂದೇ ಬಾಗಿಲಲ್ಲಿ ನಡೆದ ಮಾತಿನಿಂದ. ಈ ಅರ್ಥದಲ್ಲಿ ಸರಾಸಿನ್ ಕಟ್ಟಿದ್ದು ಹಣ ಎತ್ತುವ ಯಂತ್ರಕ್ಕಿಂತ ಹೆಚ್ಚಿನದು. ಅದರ ಕೊರತೆಯೂ ಅಲ್ಲೇ ಇತ್ತು: ಸುದ್ದಿ ಹಾಳೆಯಲ್ಲಿ ಮಾತಾಡುತ್ತಿದ್ದವರು ಹೆಚ್ಚಾಗಿ ಮಿಷನರಿಗಳೇ. ಬೆಟಗೇರಿಯ ನೇಕಾರನ ಮಾತು ಬಾಸೆಲಿನ ನೇಕಾರನಿಗೆ ನೇರವಾಗಿ ತಲುಪುವ ದಾರಿ ಇರಲಿಲ್ಲ.

ಈ ಕಡೆಯ ಕಥೆಯನ್ನು ಚುಟುಕಾಗಿ ಹೇಳಬಹುದು. 1833ರ ಚಾರ್ಟರ್ ಕಾಯಿದೆ ಬ್ರಿಟಿಷರಲ್ಲದ ಮಿಷನರಿಗಳಿಗೂ ಭಾರತದ ಬಾಗಿಲು ತೆರೆಯಿತು. 1834ರಲ್ಲಿ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, 1851ರಲ್ಲಿ ಗುಳೇದಗುಡ್ಡ ಮಿಷನ್ನಿನ ನೆಲೆಗಳಾದವು. ಮೋಗ್ಲಿಂಗರ ಮಂಗಳೂರ ಸಮಾಚಾರ, ಕಿಟೆಲ್ಲರ 1894ರ ನಿಘಂಟು ಕನ್ನಡಿಗರಿಗೆಲ್ಲ ಗೊತ್ತಿರುವವು, ಅವನ್ನು ಇಲ್ಲಿ ಮತ್ತೆ ವಿವರಿಸಬೇಕಿಲ್ಲ. ಕೊಪ್ಪಳ ಸೀಮೆ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು, ಬೆಟಗೇರಿ ಕಂಪನಿ ಸರ್ಕಾರದ ಆಳ್ವಿಕೆಯಲ್ಲಿತ್ತು. ಗಡಿ ಬೇರೆಯಾದರೂ ಸಂತೆ, ನಂಟಸ್ತಿಕೆ, ಭಾಷೆ ಒಂದೇ. ಬೆಟಗೇರಿಯ ದಕ್ಷಿಣ ಭಾರತ ಸಭೆಯ (ಸಿಎಸ್‌ಐ) ಆಸ್ಪತ್ರೆಯನ್ನು ಜನ ಇಂದಿಗೂ ಜರ್ಮನ್ ಆಸ್ಪತ್ರೆ ಎಂದೇ ಕರೆಯುತ್ತಾರೆ.

ಹೆಚ್ಚು ಹೇಳಬೇಕಾದದ್ದು ಗದಗದ ಮಗ್ಗುಲಿನ ಮಲ್ಲಸಮುದ್ರದ ಬಗ್ಗೆ, ಅದು ಸೋತ ಪ್ರಯೋಗವಾದ್ದರಿಂದ. 1840ರ ಆಸುಪಾಸಿನಲ್ಲಿ ಕಾಲಜ್ಞಾನವನ್ನು ನಂಬುತ್ತಿದ್ದ ಒಂದು ಪಂಗಡದವರು ಮಿಷನರಿಗಳ ಸಂಪರ್ಕಕ್ಕೆ ಬಂದರು. ತಮ್ಮ ಗ್ರಂಥಗಳು ಸೂಚಿಸಿದ ಹೊಸ ಕಾಲಕ್ಕೂ ಈ ಪರದೇಶಿ ಬೋಧಕರಿಗೂ ಏನೋ ಸಂಬಂಧವಿದೆ ಎಂಬುದು ಅವರ ಎಣಿಕೆ. ಸಾವಿರಾರು ಜನ ಬರುತ್ತಾರೆಂಬ ನಿರೀಕ್ಷೆಯಲ್ಲಿ ಮೋಗ್ಲಿಂಗ್ ಮತ್ತು ಸಂಗಡಿಗರು ಸರ್ಕಾರದಿಂದ ಜಮೀನು ಪಡೆದು ಮಲ್ಲಸಮುದ್ರದಲ್ಲಿ ಒಂದು ಕ್ರೈಸ್ತ ಒಕ್ಕಲು ಊರನ್ನೇ ನೆಲೆಗೊಳಿಸಲು ಹೊರಟರು. ಸಾವಿರಾರು ಜನ ಬರಲಿಲ್ಲ. ಬೆರಳೆಣಿಕೆಯ ಮನೆಗಳ ಆಚೆಗೆ ಊರು ಬೆಳೆಯಲಿಲ್ಲ, ಕೆಲವು ವರ್ಷಗಳಲ್ಲಿ ಪ್ರಯೋಗವನ್ನು ಕೈಬಿಡಬೇಕಾಯಿತು. ಎರಡೂ ಕಡೆಯವರ ಪ್ರಾಮಾಣಿಕತೆಯನ್ನು ಅನುಮಾನಿಸಲು ಕಾರಣವಿಲ್ಲ. ಆದರೆ ಒಬ್ಬರು ಕಾದಿದ್ದು ಕಾಲಜ್ಞಾನದ ನೆರವೇರಿಕೆಗೆ, ಇನ್ನೊಬ್ಬರು ಕಾದಿದ್ದು ದೊಡ್ಡ ಸುಗ್ಗಿಗೆ. ಒಬ್ಬರನ್ನೊಬ್ಬರು ಅರಿಯುವ ಮೊದಲೇ ಜಮೀನು ಬಂತು, ಯೋಜನೆ ಬಂತು. ಬೆಟಗೇರಿಯ ಸಭೆ ಹೆಚ್ಚಿನ ಸದ್ದಿಲ್ಲದೆ ಬೆಳೆದು ಉಳಿಯಿತು. ಭಾರೀ ನಿರೀಕ್ಷೆಯ ಮಲ್ಲಸಮುದ್ರ ಹಾಗೆಯೇ ಕರಗಿತು. ದೂರದ ಸಭೆಯೊಂದಕ್ಕೆ ಮೊದಲ ಭೇಟಿಯಲ್ಲೇ ಕಟ್ಟಡದ ನಕ್ಷೆ ಹಿಡಿದು ಹೋಗುವವರು ಈ ಅಧ್ಯಾಯವನ್ನು ಓದಬೇಕು.

ನಿರ್ಧಾರ ಯಾರ ಕೈಯಲ್ಲಿ ಎಂಬ ಪ್ರಶ್ನೆಗೆ 19ನೇ ಶತಮಾನದ ಉತ್ತರ ಸ್ಪಷ್ಟವಾಗಿತ್ತು: ಬಾಸೆಲಿನ ಸಮಿತಿಯ ಕೈಯಲ್ಲಿ. ಮಿಷನರಿ ಯಾವಾಗ ಮದುವೆಯಾಗಬೇಕು ಎಂಬುದಕ್ಕೂ ಆ ಸಮಿತಿಯ ಅಪ್ಪಣೆ ಬೇಕಿತ್ತು. ಕನ್ನಡ ಸಭೆಗಳ ಮಾತಿಗೆ ಅಲ್ಲಿ ಜಾಗವೆಲ್ಲಿ? ಈ ಅಸಮಾನತೆಯನ್ನು ಮೊದಲು ಎದೆಗಾರಿಕೆಯಿಂದ ಎತ್ತಿ ಹೇಳಿದವರಲ್ಲಿ ಭಾರತೀಯ ಪಾದ್ರಿ ವಿ. ಎಸ್. ಅಜರಯ್ಯ ಒಬ್ಬರು. 1910ರಲ್ಲಿ ಎಡಿನ್‌ಬರೋದಲ್ಲಿ ನಡೆದ ವಿಶ್ವ ಮಿಷನರಿ ಸಮ್ಮೇಳನದಲ್ಲಿ ಅವರು ಪಶ್ಚಿಮದ ಸಭೆಗಳ ತ್ಯಾಗವನ್ನು ಒಪ್ಪಿಕೊಂಡು, ಅದರ ಜೊತೆಗೆ ಸ್ನೇಹವನ್ನೂ ಕೊಡಿ ಎಂದು ಕೇಳಿದರು. ಎರಡು ವರ್ಷದ ಬಳಿಕ ಅವರು ಡೋರ್ನಕಲ್‌ನ ಬಿಷಪ್ ಆದರು. ಆ ಡೋರ್ನಕಲ್ ಕೊಪ್ಪಳದಂತೆಯೇ ನಿಜಾಮರ ಸೀಮೆಯ ಊರು. ಅವರು ಕೇಳಿ ಸುಮ್ಮನಾದವರಲ್ಲ. ಅವರ ಸಭಾಪ್ರಾಂತದ ಬಡ ಹೆಂಗಸರು ಅಡುಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿ ತೆಗೆದಿಟ್ಟು ಸಭೆಗೆ ಕಾಣಿಕೆ ಕೊಡುತ್ತಿದ್ದರು. ಬಾಸೆಲಿನ ಅರ್ಧ ಬಾಟ್ಸೆನ್‌ಗೂ ಈ ಹಿಡಿ ಅಕ್ಕಿಗೂ ಒಂದೇ ತೂಕ. ಕೊಡುವುದನ್ನು ಕಲಿತ ಸಭೆ ಮಾತ್ರ ಇನ್ನೊಂದು ಸಭೆಯೊಡನೆ ಸರಿಸಮ ಕೂರಬಲ್ಲದು ಎಂದು ಅಜರಯ್ಯನವರು ನಂಬಿದ್ದರು.

ಪರೀಕ್ಷೆ ಬಂದದ್ದು ಯುದ್ಧದ ರೂಪದಲ್ಲಿ. 1914ರಲ್ಲಿ ಬ್ರಿಟಿಷ್ ಸರ್ಕಾರಕ್ಕೆ ಜರ್ಮನ್ನರು ಶತ್ರುಗಳಾದರು. ಜರ್ಮನ್ ಮಿಷನರಿಗಳನ್ನು ಬಂಧನದ ಶಿಬಿರಗಳಿಗೆ, ಆಮೇಲೆ ದೇಶದ ಹೊರಗೆ ಕಳಿಸಿದರು. ಮಿಷನ್ನಿನ ಹಂಚು, ನೇಯ್ಗೆಯ ಕಾರ್ಖಾನೆಗಳು ಕೈತಪ್ಪಿ ಕಾಮನ್‌ವೆಲ್ತ್ ಟ್ರಸ್ಟಿಗೆ ಹೋದವು. ಬಾಸೆಲಿನಿಂದ ಬರುವ ಹಣ ನಿಂತಿತು. ಸಭೆಗಳು ಮಾತ್ರ ನಿಲ್ಲಲಿಲ್ಲ. ಇಲ್ಲಿನ ಸಭಾಪಾಲಕರು, ಉಪದೇಶಿಗಳು, ಸಭೆಯ ಹಿರಿಯರು ಆರಾಧನೆ, ಶಾಲೆ, ಸಾವು ಮದುವೆಗಳನ್ನು ನಡೆಸಿಕೊಂಡು ಹೋದರು. ಪರದೇಶದ ನೆರವು ತಪ್ಪಿದರೆ ಈ ಸಭೆಗಳು ಒಂದು ದಿನವೂ ಬಾಳವು ಎನ್ನುವವರಿಗೆ ಆ ವರ್ಷಗಳೇ ಉತ್ತರ.

ಸ್ವಾತಂತ್ರ್ಯದ ನಂತರ ಸಂಬಂಧದ ಹೊಣೆ ಸಂಸ್ಥೆಗಳಿಗೆ ಬಂತು. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ ಹುಟ್ಟಿತು. ಇಂದು ಬಾಸೆಲ್ ಪರಂಪರೆಯ ಉತ್ತರ ಕರ್ನಾಟಕದ ಸಭೆಗಳು ಧಾರವಾಡ ಕೇಂದ್ರವಾಗಿರುವ ಅದರ ಕರ್ನಾಟಕ ಉತ್ತರ ಸಭಾಪ್ರಾಂತಕ್ಕೆ (ಡಯಾಸಿಸ್) ಸೇರಿವೆ. ಆಚೆ ದಡದಲ್ಲಿ 1972ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಇಎಂಎಸ್ ಎಂಬ ಸಭೆಗಳ, ಮಿಷನ್ ಸಂಸ್ಥೆಗಳ ಒಕ್ಕೂಟ ಆಯಿತು; ಬಾಸೆಲ್ ಮಿಷನ್ 2001ರಲ್ಲಿ ಇತರ ಸಂಸ್ಥೆಗಳೊಡನೆ ಸೇರಿ ಮಿಷನ್ 21 ಎಂದು ಹೆಸರಾಯಿತು. ಇವುಗಳಲ್ಲಿ ಗಮನಿಸಬೇಕಾದದ್ದು 2012ರ ಬದಲಾವಣೆ. ಆ ವರ್ಷದಿಂದ ಇಎಂಎಸ್‌ನಲ್ಲಿ ಜರ್ಮನಿಯ ಸಭೆಗಳಷ್ಟೇ ಅಧಿಕಾರದಿಂದ ಏಷ್ಯ, ಆಫ್ರಿಕದ ಸಭೆಗಳೂ ಕೂರುತ್ತವೆ, ಸಿಎಸ್‌ಐ ಅವುಗಳಲ್ಲೊಂದು. ಜರ್ಮನಿಯ ಹುಡುಗ ಹುಡುಗಿಯರು ಇಲ್ಲಿಗೆ ಸ್ವಯಂಸೇವೆಗೆ ಬರುವಂತೆ ಇಲ್ಲಿನವರು ಅಲ್ಲಿಗೆ ಹೋಗುವ ಏರ್ಪಾಡೂ ಬಂದಿದೆ. ಒಂದು ಸಭೆಯ ಹಿರಿಯರು ಇನ್ನೊಂದರ ಮನೆಗಳಲ್ಲಿ ಉಳಿಯುವುದು, ಒಂದೇ ದಿನ ಎರಡೂ ಕಡೆ ಒಂದೇ ಪ್ರಾರ್ಥನೆ ಮಾಡುವುದು, ಇವೆಲ್ಲ ವರದಿಯಲ್ಲಿ ಚಿಕ್ಕದಾಗಿ ಕಾಣುತ್ತವೆ. ಸರಾಸಿನ್ನನ ಹಾಳೆಯಲ್ಲಿ ಇಲ್ಲದ್ದು ಇಲ್ಲಿದೆ, ಮಾತು ಎರಡೂ ಕಡೆಯಿಂದ ಹೊರಡುತ್ತದೆ.

ಆಕ್ಷೇಪಗಳು ಹಗುರವಾದವಲ್ಲ. ಮತಾಂತರಕ್ಕಾಗಿ ಬಂದವರ ನಂಟನ್ನು ಕೊಂಡಾಡುವುದೇಕೆ ಎಂದು ಕೇಳುವವರಿದ್ದಾರೆ. ಅವರು ಮತಪ್ರಚಾರಕ್ಕಾಗಿಯೇ ಬಂದರು, ವಸಾಹತು ಆಳ್ವಿಕೆಯ ನೆರಳಲ್ಲಿ ಬಂದರು. ಅದನ್ನು ಮುಚ್ಚಿಡುವ ಬರಹ ಓದುಗರಿಗೆ ಮೋಸ ಮಾಡುತ್ತದೆ. ಆದರೆ ಆರೇಳು ತಲೆಮಾರುಗಳಿಂದ ಇಲ್ಲೇ ಹುಟ್ಟಿ, ಕನ್ನಡದಲ್ಲೇ ಪ್ರಾರ್ಥಿಸಿ, ಇದೇ ಮಣ್ಣಿಗೆ ಸೇರಿದವರ ಸಭೆಯನ್ನು ಹೊರಗಿನವರ ಶಾಖೆ ಎಂದು ನೋಡುವುದೂ ಅನ್ಯಾಯ. ಈ ಅನುಮಾನವನ್ನು ಅಳಿಸಬಲ್ಲದ್ದು ಸಮಾನರ ನಡುವಿನ, ಲೆಕ್ಕ ತೆರೆದಿಟ್ಟ ಸಂಬಂಧವೇ. ಎರಡನೆಯ ಆಕ್ಷೇಪ ಹಣದ್ದು: ಉಳ್ಳವರೂ ಇಲ್ಲದವರೂ ಸಮಾನರಾಗುವುದು ಹೇಗೆ? ವಿದೇಶಿ ದೇಣಿಗೆ ಕಾಯಿದೆ 1976ರಲ್ಲಿ ಬಂತು, 2010ರಲ್ಲಿ ಹೊಸದಾಯಿತು, 2020ರ ತಿದ್ದುಪಡಿ ಅದನ್ನು ಇನ್ನೂ ಬಿಗಿ ಮಾಡಿತು. ಈಗ ಹಣವೆಲ್ಲ ದೆಹಲಿಯ ಸ್ಟೇಟ್ ಬ್ಯಾಂಕಿನ ಒಂದೇ ಶಾಖೆಗೆ ಬರಬೇಕು. ಒಂದು ಸಂಸ್ಥೆ ಇನ್ನೊಂದಕ್ಕೆ ಅದನ್ನು ದಾಟಿಸುವಂತಿಲ್ಲ. ಆಡಳಿತ ವೆಚ್ಚ ಶೇ 20 ಮೀರುವಂತಿಲ್ಲ. ಹಳ್ಳಿಯ ಸಣ್ಣ ಸಭೆಗೆ ಇದು ಕಷ್ಟವೇ, ದೊಡ್ಡ ಸಂಸ್ಥೆಯ ಮೂಲಕ ಬರುತ್ತಿದ್ದ ಸಣ್ಣ ನೆರವು ಅಲ್ಲಿಗೇ ನಿಂತಿತು. ಹೀಗಿದ್ದೂ ಪತ್ರಕ್ಕೆ, ಭೇಟಿಗೆ, ಹಾಡಿಗೆ, ಒಬ್ಬರ ದುಃಖ ಇನ್ನೊಬ್ಬರು ಕೇಳುವುದಕ್ಕೆ ಆ ಶಾಖೆಯ ಖಾತೆ ಬೇಕಿಲ್ಲ. ಹಣ ನಿಂತೊಡನೆ ಮಾತೂ ನಿಂತಿದ್ದರೆ ಅಲ್ಲಿ ಇದ್ದದ್ದು ಬರೀ ವ್ಯವಹಾರ.

ಇನ್ನೊಂದು ಕಷ್ಟ ಆಚೆ ದಡದಿಂದಲೇ ಬರುತ್ತಿದೆ. ಜರ್ಮನಿಯಲ್ಲಿ ಪ್ರೊಟೆಸ್ಟೆಂಟ್ ಮತ್ತು ಕ್ಯಾಥೊಲಿಕ್ ಸಭೆಗಳ ಸದಸ್ಯರೆಲ್ಲ ಸೇರಿದರೂ 2022ರ ಹೊತ್ತಿಗೆ ಜನಸಂಖ್ಯೆಯ ಅರ್ಧಕ್ಕಿಂತ ಕಡಿಮೆಯಾದರು. ಸಭೆಗಳು ಒಂದರಲ್ಲೊಂದು ವಿಲೀನವಾಗುತ್ತಿವೆ. ಇಲ್ಲಿನ ಸಭೆಗಳು ಅಲ್ಲಿಯವರಿಗೆ ಏನನ್ನಾದರೂ ಕೊಡಬೇಕಾದ ಕಾಲ ಬಂದರೆ ಅದು ಇದೇ. ಹಣವಲ್ಲ, ಅದು ಇಲ್ಲಿಲ್ಲ. ಅಲ್ಪಸಂಖ್ಯಾತರಾಗಿ, ಬೇರೆ ನಂಬಿಕೆಯ ನೆರೆಯವರ ನಡುವೆ ಅವರ ಜಾತ್ರೆಗೂ ಸಾವಿಗೂ ಹೆಗಲು ಕೊಡುತ್ತ ಬಾಳುವುದು ಹೇಗೆ ಎಂಬ ತಿಳಿವಳಿಕೆ ಇಲ್ಲಿದೆ. ಅಲ್ಲಿನ ಸಭೆಗಳು ಈಗಷ್ಟೇ ಕಲಿಯಬೇಕಾಗಿರುವುದು ಅದನ್ನೇ. ಆದರೆ ಆ ತಿಳಿವಳಿಕೆ ಬಹುಮಟ್ಟಿಗೆ ಬರಹಕ್ಕೆ ಇಳಿದಿಲ್ಲ. ಬಾಸೆಲಿನ ದಫ್ತರಖಾನೆಯಲ್ಲಿ ಮಿಷನರಿಗಳ ಪತ್ರ, ವರದಿ, ಫೋಟೋಗಳು ಒಪ್ಪವಾಗಿ ಕೂತಿವೆ. ಯುದ್ಧದ ವರ್ಷಗಳ ಸಭೆಗಳ ನೆನಪು ಹಿರಿಯರ ಬಾಯಲ್ಲಿ ಮಾತ್ರ ಇಷ್ಟಿಷ್ಟು ಉಳಿದುಬಂದಿದೆ. ಬೆಟಗೇರಿ, ಗುಳೇದಗುಡ್ಡ, ಹುಬ್ಬಳ್ಳಿಯ ಸಭೆಗಳ ಯುವಕರು ಒಂದು ರೆಕಾರ್ಡರ್ ಹಿಡಿದು ಆ ಹಿರಿಯರ ಮುಂದೆ ಕೂತರೆ ಸಾಕು, ಸಹಭಾಗಿತ್ವದ ಇನ್ನರ್ಧ ಕಥೆ ಕನ್ನಡದಲ್ಲಿ ಸಿಗುತ್ತದೆ. ಹೇಳಬಲ್ಲವರು ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.